ದೀಪ ಹಚ್ಚದ ಗುಡಿ ಸತ್ತ ಗುಡಿಯಲ್ಲ

ಮೈಸೂರಿನ ಮನೆಗಳಿಗೆ ನೆಂಟರು ಬಂದು ನಾಲ್ಕು ದಿನ ಉಳಿದರೆ ಒಂದು ಮಾತು ತಪ್ಪದೆ ಬರುತ್ತದೆ. ಚಾಮುಂಡಿಬೆಟ್ಟ ಆಯಿತು, ನಂಜನಗೂಡು ಆಯಿತು, ಶ್ರೀರಂಗಪಟ್ಟಣದಲ್ಲಿ ರಂಗನಾಥನನ್ನೂ ನಿಮಿಷಾಂಬೆಯನ್ನೂ ನೋಡಿದ್ದಾಯಿತು. ನಾಳೆ ಸೋಮನಾಥಪುರಕ್ಕೆ ಹೋಗೋಣವೇ ಎಂದು ಯಾರಾದರೂ ಕೇಳಿದರೆ ಮನೆಯ ಹಿರಿಯರೊಬ್ಬರು ಹೇಳುತ್ತಾರೆ: "ಅಲ್ಲಿ ಪೂಜೆ ಇಲ್ವಲ್ಲ, ಬರೀ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ?" ಮಾತು ಅಲ್ಲಿಗೆ ಮುಗಿಯುತ್ತದೆ. ಯಾರೂ ಎದುರು ಹೇಳುವುದಿಲ್ಲ. ಎದುರು ಹೇಳಲೇಬೇಕಾಗಿದೆ ಎಂದು ಈ ಲೇಖನ ಬರೆಯುತ್ತಿದ್ದೇನೆ.

ಮಾತು ಚಿಕ್ಕದು, ಅದರ ಬೇರು ಆಳದ್ದು. ಪೂಜೆ ನಡೆಯುವ ಗುಡಿಗೆ ಜೀವ ಇದೆ, ಪೂಜೆ ನಿಂತ ಗುಡಿ ಸತ್ತಿದೆ ಎಂಬುದು ನಮ್ಮಲ್ಲಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಅದು ಬರಿಯ ಅಭಿಪ್ರಾಯ ಎಂಬುದೇ ಮರೆತುಹೋಗಿದೆ. ಭಕ್ತರು ಈ ಎಣಿಕೆಯಲ್ಲೇ ಹಾಳುಗುಡಿಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ವೇದಿಕೆ ಹತ್ತಿದವರು ಅಲ್ಲಿ ಹೊಸ ವಿಗ್ರಹ ಕೂರಿಸಿ, ಮತ್ತೆ ಗಂಟೆ ಬಾರಿಸಿ, ಗುಡಿಗೆ ಜೀವ ಕೊಡಬೇಕೆಂದು ಒತ್ತಾಯಿಸುತ್ತಾರೆ. ಪ್ರವಾಸಕ್ಕೆ ಬಂದವರಿಗೆ ಅದು ಹುಲ್ಲುಹಾಸಿನ ನಡುವೆ ನಿಂತ ಚೆಂದದ ವಸ್ತು. ಅದರ ಮುಂದೆ ಫೋಟೊ ತೆಗೆಸಿಕೊಂಡರೆ ಭೇಟಿ ಮುಗಿಯಿತು. ಮೂವರೂ ಬೇರೆಬೇರೆ ದಾರಿಯವರಂತೆ ಕಾಣುತ್ತಾರೆ. ಗುಡಿ ಸತ್ತಿದೆ ಎಂಬುದರಲ್ಲಿ ಮಾತ್ರ ಮೂವರಿಗೂ ಒಮ್ಮತ. ಆ ಒಮ್ಮತ ತಪ್ಪು. ಚರಿತ್ರೆ ಅದನ್ನು ಒಪ್ಪುವುದಿಲ್ಲ. ಅದು ಯಾವ ಸಂಪ್ರದಾಯದ ಹೆಸರು ಹೇಳಿಕೊಳ್ಳುತ್ತದೆಯೋ ಆ ಸಂಪ್ರದಾಯವೂ ಒಪ್ಪುವುದಿಲ್ಲ.

ಸೋಮನಾಥಪುರವನ್ನೇ ತೆಗೆದುಕೊಳ್ಳೋಣ. ಮೈಸೂರಿನಿಂದ ಸುಮಾರು 35 ಕಿ.ಮೀ., ಬನ್ನೂರು ದಾಟಿದರೆ ಸಿಗುವ ಊರು, ತಿರುಮಕೂಡಲು ನರಸೀಪುರ ತಾಲ್ಲೂಕು. 13ನೆಯ ಶತಮಾನದ ನಡುವಿನಲ್ಲಿ ಹೊಯ್ಸಳರ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಇಲ್ಲಿ ತನ್ನ ಹೆಸರಿನಲ್ಲಿ ಒಂದು ಅಗ್ರಹಾರ ಕಟ್ಟಿಸಿದ. ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ ಎಂಬುದು ಅದರ ಪೂರ್ಣ ಹೆಸರು. ನಾವು ಇಂದು ನೋಡುವ ಕೇಶವ ದೇವಾಲಯ ಆ ಊರಿನ ಒಂದು ಭಾಗ ಮಾತ್ರ. ಕೋಟೆಯಿತ್ತು, ಬೀದಿಗಳಿದ್ದವು, ಓದುವ ಓದಿಸುವ ಬ್ರಾಹ್ಮಣರ ಮನೆಗಳಿದ್ದವು, ಅವರಿಗೆ ವೃತ್ತಿಯಾಗಿ ಬಿಟ್ಟ ಗದ್ದೆಗಳಿದ್ದವು. ಮಹಾದ್ವಾರದ ಬಳಿ ನಿಂತಿರುವ ಎತ್ತರದ ಶಾಸನಗಲ್ಲು ಇದನ್ನೆಲ್ಲ ಹೇಳುತ್ತದೆ. ಟಿಕೆಟ್ ತೆಗೆದುಕೊಂಡು ಒಳಹೊಕ್ಕವರು ಮೊದಲು ಹಾದುಹೋಗುವುದೇ ಆ ಕಲ್ಲನ್ನು. ನಿಂತು ನೋಡುವವರು ತೀರ ಕಡಿಮೆ. ಗುಡಿಯೇ ತನ್ನ ಬಗ್ಗೆ ಕನ್ನಡದಲ್ಲಿ ಬರೆಸಿ ಬಾಗಿಲಲ್ಲಿ ನಿಲ್ಲಿಸಿದ ಮಾತು ಅದು. ಏಳು ನೂರು ವರ್ಷ ದಾಟಿದ ಮೇಲೂ ಮಾತಾಡುತ್ತಿರುವುದನ್ನು ಸತ್ತದ್ದೆಂದು ಯಾವ ನ್ಯಾಯದಿಂದ ಕರೆಯುತ್ತೇವೆ?

ಒಳಗೆ ಹೋದರೆ ಗೋಡೆಯೂ ಮಾತಾಡುತ್ತದೆ. ಪ್ರದಕ್ಷಿಣೆಯ ಕ್ರಮದಲ್ಲಿ ನಡೆದರೆ ದಕ್ಷಿಣದ ಕಡೆ ರಾಮಾಯಣ, ಹಿಂಭಾಗದಲ್ಲಿ ಭಾಗವತದ ಕೃಷ್ಣ, ಉತ್ತರಕ್ಕೆ ಬಂದಾಗ ಮಹಾಭಾರತ. ನಡೆಯುವ ದಿಕ್ಕಿನಲ್ಲೇ ಕಥೆ ಸಾಗುತ್ತದೆ, ಅದನ್ನು ಓದಬೇಕಾದರೆ ನಾವೂ ಸಾಗಬೇಕು. ಓದು ಬಾರದವನೂ ಹೆಜ್ಜೆ ಹಾಕುತ್ತ ಓದಬಹುದಾದ ಪುಸ್ತಕವನ್ನು ಬಳಪದ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಅದರ ಕೆಳಗೆ ಆನೆಗಳ ಸಾಲು, ಕುದುರೆ ಸವಾರರು, ಬಳ್ಳಿ. ಮೇಲೆ ಮಕರ, ಹಂಸ. ಅದಕ್ಕೂ ಮೇಲೆ ದೊಡ್ಡ ವಿಗ್ರಹಗಳು. ಆ ವಿಗ್ರಹಗಳ ಅಡಿಯಲ್ಲಿ ಕೆತ್ತಿದವರ ಹೆಸರು: ಮಲ್ಲಿತಮ್ಮ, ಬಾಲೆಯ, ಚೌಡಯ್ಯ, ಮಸಣಿತಮ್ಮ. ಮಲ್ಲಿತಮ್ಮನ ಹೆಸರೊಂದೇ ಸುಮಾರು 40 ವಿಗ್ರಹಗಳ ಕೆಳಗಿದೆ. ನಮ್ಮ ನಾಡಿನ ಪ್ರಾಚೀನ ಕಟ್ಟಡಗಳಲ್ಲಿ ಕಟ್ಟಿಸಿದವರ ಹೆಸರು ಬೇಕಾದಷ್ಟು ಸಿಗುತ್ತದೆ, ಉಳಿ ಹಿಡಿದವರ ಹೆಸರು ಸಿಗುವುದು ಅಪರೂಪ. ಹೊಯ್ಸಳರ ಗುಡಿಗಳು ಆ ಅಪರೂಪದ ಸಾಲಿಗೆ ಸೇರಿದವು. 1917ರಲ್ಲಿ ಆರ್. ನರಸಿಂಹಾಚಾರ್ಯರು ಈ ದೇವಾಲಯದ ಮೇಲೊಂದು ಪ್ರತ್ಯೇಕ ಪುಸ್ತಕವನ್ನೇ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಿಂದ ತಂದರು. ಪೂಜೆಯಿಲ್ಲದ ಗುಡಿ ಎಂದು ಅವರೂ ಮುಂದೆ ಹೋಗಿದ್ದರೆ ಮಲ್ಲಿತಮ್ಮ ಯಾರೆಂದು ನಮಗೆ ಗೊತ್ತಾಗುತ್ತಿರಲಿಲ್ಲ.

ಈ ಮಲ್ಲಿತಮ್ಮ ನಮ್ಮ ವಾದಕ್ಕೆ ಇನ್ನೊಂದು ಕಡೆಯಿಂದಲೂ ಬೇಕಾದವನು. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಗೋಡೆಗಳಲ್ಲಿ ಒಂದು ಪಾರ್ಶ್ವದ ಶಿಲ್ಪಗಳು ಬೈಚೋಜನವು, ಇನ್ನೊಂದು ಪಾರ್ಶ್ವದವು ಮಲ್ಲಿತಮ್ಮನವು. ನುಗ್ಗೇಹಳ್ಳಿಯಲ್ಲಿ ಪೂಜೆ ನಡೆಯುತ್ತದೆ. ಅಲ್ಲಿ ಮಲ್ಲಿತಮ್ಮ ಕೆತ್ತಿದ ವಿಷ್ಣುವಿಗೆ ಜನ ಕೈಮುಗಿಯುತ್ತಾರೆ. ಸೋಮನಾಥಪುರದಲ್ಲಿ ಅದೇ ಮಲ್ಲಿತಮ್ಮ ಕೆತ್ತಿದ ವಿಷ್ಣು "ಬರೀ ಕಲ್ಲು". ಕೈ ಅದೇ, ಉಳಿ ಅದೇ, ಶಾಸ್ತ್ರ ಅದೇ. ನಡುವೆ ಬದಲಾದದ್ದು ಒಳಗೆ ಉರಿಯುವ ಒಂದು ದೀಪ. ಆ ದೀಪದ ಮಹತ್ವ ನನಗೆ ಗೊತ್ತಿದೆ. ಅದು ಹೊರಗೋಡೆಯ ಮೇಲಿನ ಶಿಲ್ಪದ ಹುಟ್ಟುಸಾವನ್ನು ನಿರ್ಧರಿಸಬಲ್ಲದು ಎಂಬುದನ್ನು ಮಾತ್ರ ಒಪ್ಪಲಾರೆ.

ಇದಕ್ಕೆ ಸಂಪ್ರದಾಯಸ್ಥರ ಉತ್ತರ ಏನೆಂದು ಬಲ್ಲೆ, ಅದು ತೂಕದ ಉತ್ತರವೇ. ಗುಡಿ ಮನೆಯಂಥದ್ದಲ್ಲ, ಪ್ರಾಣಪ್ರತಿಷ್ಠೆಯಾದ ಜಾಗ. ದೇವರು ಅಲ್ಲಿ ನೆಲೆಸಿರುವವರೆಗೆ ಅದು ಗುಡಿ, ಮೂರ್ತಿ ಭಿನ್ನವಾದರೆ ದೇವರು ಅಲ್ಲಿಲ್ಲ ಎನ್ನುತ್ತಾರೆ. ಸೋಮನಾಥಪುರದ ನಡುವಿನ ಗರ್ಭಗುಡಿಯ ಮೂಲ ಕೇಶವಮೂರ್ತಿ ಇಂದಿಲ್ಲ, ಅಲ್ಲಿರುವುದು ಆಮೇಲೆ ಇಟ್ಟದ್ದು. ಹೀಗಿರುವಾಗ ಭಕ್ತನಿಗೆ ಅಲ್ಲಿ ಏನಿದೆ?

ಆಗಮಗಳನ್ನೇ ಮುಂದಿಟ್ಟುಕೊಂಡು ಮಾತಾಡೋಣ. ಜೀರ್ಣೋದ್ಧಾರಕ್ಕೆ ಅಲ್ಲಿ ವಿಧಿಯಿದೆ. ಗುಡಿಯನ್ನು ದುರಸ್ತಿ ಮಾಡಬೇಕಾದಾಗ ಮೂರ್ತಿಯಲ್ಲಿರುವ ಕಳೆಯನ್ನು ಕಲಶಕ್ಕೆ ಇಳಿಸುತ್ತಾರೆ, ಅದಕ್ಕೆ ಕಲಾಕರ್ಷಣೆ ಎನ್ನುತ್ತಾರೆ. ಬಾಲಾಲಯ ಮಾಡಿ ಅಲ್ಲಿ ತಾತ್ಕಾಲಿಕವಾಗಿ ಪೂಜೆ ನಡೆಸಿ, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಅಂದರೆ ದೇವರ ಸಾನ್ನಿಧ್ಯವೂ ಕಲ್ಲಿನ ಕಟ್ಟಡವೂ ಒಂದೇ ಅಲ್ಲವೆಂದು ಸಂಪ್ರದಾಯಕ್ಕೆ ಮೊದಲಿನಿಂದಲೂ ಗೊತ್ತು. ಸಾನ್ನಿಧ್ಯ ಕಲಶದಲ್ಲಿರುವ ಆ ತಿಂಗಳುಗಳಲ್ಲಿ ಗುಡಿಯ ಗೋಡೆ, ಕಂಬ, ಭುವನೇಶ್ವರಿಗಳನ್ನು ಯಾರೂ ಹೆಣದಂತೆ ಕಾಣುವುದಿಲ್ಲ. ಅತ್ಯಂತ ಎಚ್ಚರದಿಂದ ನೋಡಿಕೊಳ್ಳಬೇಕಾದ ಹೊತ್ತೇ ಅದು. ಭಿನ್ನ ಮೂರ್ತಿಯನ್ನು ಪೂಜಿಸಬಾರದು ಎಂದಿದೆ ನಿಜ. ಭಿನ್ನ ಮೂರ್ತಿಯಿರುವ ಗುಡಿಯ ಕಡೆ ಮುಖ ಹಾಕಬಾರದೆಂಬ ನಿಯಮ ನಾವು ಸೇರಿಸಿಕೊಂಡದ್ದು. ಇದು ಶಾಸ್ತ್ರದಿಂದ ಬಂದದ್ದಲ್ಲ, ಸಾಲಿನಲ್ಲಿ ನಿಂತು, ಮಂಗಳಾರತಿ ತೆಗೆದುಕೊಂಡು, ಹೊರಗೆ ಬಂದರೆ ಯಾತ್ರೆ ಪೂರೈಸಿತು ಎಂಬ ಇತ್ತೀಚಿನ ಅಭ್ಯಾಸದಿಂದ ಬಂದದ್ದು.

ಆ ಅಭ್ಯಾಸ ಪೂಜೆಯಿರುವ ಗುಡಿಗಳನ್ನೂ ನೋಡಗೊಡುವುದಿಲ್ಲ. ಶ್ರೀರಂಗಪಟ್ಟಣದ ರಂಗನಾಥನ ಗುಡಿ ಗಂಗರ ಕಾಲದಲ್ಲಿ, 894ರಲ್ಲಿ ತಿರುಮಲಯ್ಯನಿಂದ ಆರಂಭವಾದದ್ದೆಂದು ಹೇಳಲಾಗುತ್ತದೆ. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರಾಲಿ ಎಲ್ಲರ ಕಾಲವೂ ಅದರ ಮೇಲೆ ಹಾದುಹೋಗಿದೆ. ನಂಜನಗೂಡಿನಲ್ಲಿ ಟಿಪ್ಪು ಒಪ್ಪಿಸಿದನೆನ್ನುವ ಪಚ್ಚೆಯ ಲಿಂಗವಿದೆ, ಅರವತ್ತಮೂವರು ಶಿವಶರಣರ ಮೂರ್ತಿಗಳ ಸಾಲಿದೆ. ವಾರಾಂತ್ಯದಲ್ಲಿ ಆ ಗುಡಿಗಳಿಗೆ ಹೋಗಿ ಬಂದವರನ್ನು ಕೇಳಿ: ವಿಶೇಷ ದರ್ಶನದ ಟಿಕೆಟ್ ಎಷ್ಟು, ಸಾಲು ಎಷ್ಟುದ್ದ ಎಂಬುದು ಗೊತ್ತಿರುತ್ತದೆ. ಕಂಬಗಳಲ್ಲಿ ಎಷ್ಟು ಕಾಲದ ಕೆಲಸವಿದೆ ಎಂಬುದು ಗೊತ್ತಿರುವುದಿಲ್ಲ. ಪೂಜೆಯಿದ್ದ ಕಡೆ ಗರ್ಭಗುಡಿಯ ಹೊರತು ಏನನ್ನೂ ನೋಡದ ಕಣ್ಣು, ಪೂಜೆಯಿಲ್ಲದ ಕಡೆ ಹೋದರೆ ನೋಡಲು ಏನೂ ಇಲ್ಲ ಎಂದೇ ಹೇಳುತ್ತದೆ.

ಇನ್ನು ಚರಿತ್ರೆಯ ಮಾತು. ಪೂಜೆ ಯಾಕೆ ನಿಂತಿತು ಎಂದು ಕೇಳಿದರೆ ನಮ್ಮಲ್ಲಿ ಒಂದೇ ಉತ್ತರ ಸಿದ್ಧವಾಗಿದೆ: ದಂಡು ಬಂತು, ಮೂಗು ಒಡೆಯಿತು, ಗುಡಿ ಮುಚ್ಚಿತು. ದೆಹಲಿಯ ಸೈನ್ಯ 1311ರಲ್ಲಿ ಮಲಿಕ್ ಕಾಫೂರನ ನಾಯಕತ್ವದಲ್ಲಿ ಹೊಯ್ಸಳ ರಾಜ್ಯದ ಮೇಲೆ ಬಿದ್ದದ್ದು ನಿಜ, ಆಮೇಲೆ ಮತ್ತೊಮ್ಮೆ ಬಂದದ್ದೂ ನಿಜ, ಅವು ಮಾಡಿದ ಹಾನಿಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಸೋಮನಾಥಪುರದ ದೇವಾಲಯವನ್ನು ವಿಜಯನಗರದ ಕಾಲದಲ್ಲಿ ದುರಸ್ತಿ ಮಾಡಿದರು. ಸುತ್ತಲಿನ ಕೈಸಾಲೆಯಲ್ಲಿ, ಜಗತಿಯಲ್ಲಿ ಬಣ್ಣ ಬೇರೆಯಾದ, ಕೆಲಸ ಬೇರೆಯಾದ ಕಲ್ಲುಗಳನ್ನು ಇಂದೂ ಗುರುತಿಸಬಹುದು. ಹಾನಿಯಾದ ಗುಡಿಯನ್ನು ಮುಂದಿನವರು ಎತ್ತಿ ನಿಲ್ಲಿಸಿದರು. 19ನೆಯ ಶತಮಾನದ ಹೊತ್ತಿಗೆ ಮತ್ತೆ ಹಾಳಾಯಿತು, 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಮತ್ತೆ ಸರಿಪಡಿಸಿತು. ಬೀಳುವುದು, ಏಳುವುದು, ಮತ್ತೆ ಬೀಳುವುದು ಎಂಬ ಈ ಉದ್ದದ ಕಥೆಯಲ್ಲಿ ಒಂದು ದಿನವನ್ನು ಮಾತ್ರ ಹಿಡಿದು ಮರಣದಿನ ಎಂದು ಘೋಷಿಸುವವರು ಎತ್ತಿ ನಿಲ್ಲಿಸಿದವರಿಗೆ ಅನ್ಯಾಯ ಮಾಡುತ್ತಿದ್ದಾರೆ.

ದಂಡು ಬಾರದೆಯೂ ಗುಡಿಗಳು ಬರಿದಾಗುತ್ತವೆ. ಅದಕ್ಕೆ ತಲಕಾಡಿಗಿಂತ ದೊಡ್ಡ ಸಾಕ್ಷಿ ಬೇಡ. ಗಂಗರ ರಾಜಧಾನಿ, ಚೋಳರು ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ ಊರು, ವಿಷ್ಣುವರ್ಧನ ಅವರಿಂದ ಗೆದ್ದುಕೊಂಡು 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠೆ ಮಾಡಿದ ಊರು. ಅಂಥ ಊರಿನ ಗುಡಿಗಳನ್ನು ಮುಚ್ಚಿದ್ದು ಮರಳು. ಅದಕ್ಕೆ ಕಾರಣವೆನ್ನುವ ಅಲಮೇಲಮ್ಮನ ಶಾಪದ ಕಥೆ ನಮಗೆಲ್ಲ ಗೊತ್ತು. ಆದರೆ ಕಾವೇರಿಗೆ 14ನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ನದಿಯ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತೆಂದು ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ವಿವರಿಸಿದ್ದಾರೆ. ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಗುಡಿಗೆ ಮರಳು ತಂದಿತು. ಇದರಲ್ಲಿ ಶತ್ರು ಯಾರು? ಇಷ್ಟು ದೊಡ್ಡ ಪಾಠ ಮರಳಿನಡಿಯಲ್ಲಿರುವಾಗ ನಾವು ತಲಕಾಡಿಗೆ ಹೋಗುವುದು ಪಂಚಲಿಂಗ ದರ್ಶನದ ವರ್ಷ ಮಾತ್ರ. ಕಡೆಯ ಸಲ ಅದು ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಉಳಿದ ವರ್ಷಗಳಲ್ಲಿ ಹೋಗುವವರು ಹೊಳೆಯಲ್ಲಿ ಈಜಿ, ಊಟ ಮಾಡಿ ಬರುತ್ತಾರೆ.

ಕನ್ನಂಬಾಡಿಯದು ಇದಕ್ಕೂ ಸ್ಪಷ್ಟ. 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು, ಊರು ಖಾಲಿಯಾಯಿತು, ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ಗುಡಿಯ ಕಟ್ಟಡ ಕೃಷ್ಣರಾಜಸಾಗರದ ನೀರಿನಡಿ ಸೇರಿತು. ಮಂಡ್ಯದ ಬಯಲು ಹಸಿರಾಗಲು ತೆತ್ತ ಬೆಲೆ ಅದು. ಆ ಬೆಲೆಯನ್ನು ನಾವು ತಿಳಿದೇ ತೆತ್ತೆವು. ಬರಗಾಲದಲ್ಲಿ ನೀರು ಇಳಿದಾಗ ಗುಡಿ ಕಾಣಿಸಿಕೊಳ್ಳುತ್ತಿತ್ತು. ಈ ಶತಮಾನದಲ್ಲಿ ಖಾಸಗಿ ನೆರವಿನಿಂದ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಈಗ ಅಲ್ಲಿಗೆ ಜನ ಹೋಗುತ್ತಾರೆ, ಸಂತೋಷ. ಆದರೆ ನೀರಿನಲ್ಲಿ ಮುಳುಗಿದ್ದ ಅಷ್ಟು ದಶಕ ಆ ಗುಡಿ ಸತ್ತಿತ್ತು ಎನ್ನುವುದಾದರೆ ದಡಕ್ಕೆ ತಂದು ಜೋಡಿಸಿದ್ದು ಯಾವುದನ್ನು? ನೀರಿನೊಳಗೂ ಅದು ಗುಡಿಯೇ ಆಗಿದ್ದರಿಂದ, ಅದನ್ನು ಹಾಗೆಂದೇ ಜನ ನೆನಪಿಟ್ಟಿದ್ದರಿಂದ ಈ ಕೆಲಸ ಸಾಧ್ಯವಾಯಿತು.

ಪೂಜೆ ನಿಲ್ಲಲು ಮತ್ತೊಂದು ಕಾರಣವಿದೆ, ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಗುಡಿಯ ದೀಪ ಎಣ್ಣೆಯಿಂದ ಉರಿಯುತ್ತದೆ, ಎಣ್ಣೆ ಗಾಣದಿಂದ ಬರುತ್ತದೆ, ನೈವೇದ್ಯದ ಅಕ್ಕಿ ಗದ್ದೆಯಿಂದ ಬರುತ್ತದೆ. ದೇವರಿಗೆ ಬಿಟ್ಟ ಭೂಮಿ ಇರುವವರೆಗೆ ಅರ್ಚಕ, ಹೂವಿನವ, ವಾದ್ಯದವ, ಪರಿಚಾರಕ ಎಲ್ಲರೂ ಇರುತ್ತಾರೆ. ಹಳೆಯ ಮೈಸೂರಿನಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ ಆ ಭೂಮಿಯ ಸಂಬಂಧವನ್ನು ಕಡಿದುಹಾಕಿತು. ಉಳುವವನಿಗೆ ಅದರಿಂದ ಭೂಮಿಯ ಹಕ್ಕಿನ ದಾರಿ ತೆರೆಯಿತು. ಅದು ನ್ಯಾಯ, ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ನಾನು ಹೇಳುವುದಿಲ್ಲ. ಗುಡಿಗೆ ಉಳಿದದ್ದು ಸರ್ಕಾರ ವರ್ಷಕ್ಕೊಮ್ಮೆ ಕೊಡುವ ತಸ್ತೀಕು. ಇಂದು ಮುಜರಾಯಿ ಇಲಾಖೆಗೆ ಸೇರಿದ ದೇವಾಲಯಗಳು 34 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಎ ಮತ್ತು ಬಿ ದರ್ಜೆಯ ಶ್ರೀಮಂತ ದೇವಾಲಯಗಳು ಕೆಲವು ನೂರು ಮಾತ್ರ, ಉಳಿದವೆಲ್ಲ ಸಿ ದರ್ಜೆ. ಎಷ್ಟೋ ಹಳ್ಳಿಗಳಲ್ಲಿ ಒಬ್ಬನೇ ಅರ್ಚಕ ಸ್ಕೂಟರಿನಲ್ಲಿ ಮೂರು ಊರು ಸುತ್ತಿ ಮೂರು ಗುಡಿಯ ಬಾಗಿಲು ತೆಗೆದು ದೀಪ ಹಚ್ಚಿ ಹೋಗುತ್ತಾನೆ. ಅವನ ಶ್ರದ್ಧೆ ದೊಡ್ಡದು. ಆದರೆ ಚಾವಣಿ ಸೋರುತ್ತಿರುತ್ತದೆ, ಅಶ್ವತ್ಥದ ಬೇರು ಶಿಖರವನ್ನು ಸೀಳುತ್ತಿರುತ್ತದೆ, ವೀರಗಲ್ಲಿನ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಪೂಜೆ ಇದ್ದರೆ ಗುಡಿ ಬದುಕಿದೆ ಎನ್ನುವವರು ಆ ಊರುಗಳಿಗೆ ಒಮ್ಮೆ ಹೋಗಿ ಬರಲಿ.

ಪೂಜೆಯಿದ್ದ ಮಾತ್ರಕ್ಕೆ ಕಲ್ಲು ಉಳಿಯುತ್ತದೆ ಎಂಬ ಖಾತ್ರಿ ಬೇಲೂರಿನಲ್ಲೂ ಇರಲಿಲ್ಲ. ಶತಮಾನಗಳಿಂದ ಚೆನ್ನಕೇಶವನ ಪೂಜೆ ಕಂಡ ಆ ಮಹಾದೇವಾಲಯದ ಗೋಪುರ ಒಮ್ಮೆ ಸುಟ್ಟುಹೋಗಿ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ ಮತ್ತೆ ಕಟ್ಟಬೇಕಾಯಿತು. ಗರ್ಭಗುಡಿಯ ಮೇಲಿನ ವಿಮಾನವನ್ನು 1879ರಲ್ಲಿ, ಕೆಳಗಿನ ಭಾಗ ಕುಸಿಯದಿರಲೆಂದು ಇಳಿಸಿಬಿಟ್ಟರು. ಇಂದು ಬೇಲೂರಿಗೆ ಶಿಖರವಿಲ್ಲ, ಪೂಜೆಯಿದೆ. ಸೋಮನಾಥಪುರಕ್ಕೆ ಪೂಜೆಯಿಲ್ಲ, ಮೂರು ಶಿಖರಗಳೂ ಇವೆ. ಯಾವುದು ಪೂರ್ಣ, ಯಾವುದು ಅಪೂರ್ಣ ಎಂದು ದೀಪ ನೋಡಿ ಹೇಳಲು ಬರುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊರಗಿನವರಿಗೆ ಕಂಡ ಈ ಸಮಾನತೆ ನಮ್ಮ ಮನೆಗಳ ಯಾತ್ರೆಯ ಪಟ್ಟಿಗೆ ಇನ್ನೂ ಬಂದಿಲ್ಲ.

ನನಗೆ ಹೆಚ್ಚು ಸಂಕಟ ಕೊಡುವುದು ಜೀವ ಕೊಡುವ ಹೆಸರಿನ ಉತ್ಸಾಹ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಊರಿನ ನಡುವೆ ಗಂಗರದೋ ಚೋಳರದೋ ಹೊಯ್ಸಳರದೋ ಒಂದು ಸಣ್ಣ ಗುಡಿ ಇರುತ್ತದೆ. ಸಮಿತಿ ಆಗುತ್ತದೆ, ಚಂದಾ ಬರುತ್ತದೆ, ಅನುದಾನವೂ ಬರುತ್ತದೆ. ಹಳೆಯ ಚಪ್ಪಡಿ ಕಿತ್ತು ಟೈಲ್ಸ್ ಹಾಕುತ್ತಾರೆ. ಕಂಬಗಳಿಗೆ ಎನಾಮಲ್ ಬಣ್ಣ, ಶಿಖರಕ್ಕೆ ಸಿಮೆಂಟು, ಮುಂದೆ ತಗಡಿನ ಚಪ್ಪರ, ಸ್ಟೀಲಿನ ಕಂಬಿ. ಗೋಡೆಯ ಶಾಸನದ ಮೇಲೆ ಸುಣ್ಣದ ಮೇಲೆ ಸುಣ್ಣ ಬಿದ್ದು ಅಕ್ಷರ ಮುಚ್ಚಿಹೋಗುತ್ತದೆ. ಕೆಲವು ಕಡೆ ಇಡೀ ಗುಡಿಯನ್ನೇ ಕೆಡವಿ, ಅದೇ ಜಾಗದಲ್ಲಿ ಕಾಂಕ್ರೀಟಿನ ಗುಡಿ ಎಬ್ಬಿಸಿ, ಹಳೆಯ ಶಿಲ್ಪಗಳನ್ನು ಅರಳಿಕಟ್ಟೆಗೆ ಒರಗಿಸಿಬಿಡುತ್ತಾರೆ. ಕುಂಭಾಭಿಷೇಕದ ದಿನ ಊರಿಗೆ ಊರೇ ಸಂಭ್ರಮಪಡುತ್ತದೆ. ಅವರಾರೂ ದುಷ್ಟರಲ್ಲ. ತಮ್ಮ ದೇವರಿಗೆ ಒಳ್ಳೆಯದು ಮಾಡಿದೆವೆಂದೇ ತಿಳಿದಿದ್ದಾರೆ. ಪೂಜೆಯೇ ಪ್ರಾಣ, ಕಟ್ಟಡ ಬರಿಯ ಹೊರಕವಚ ಎಂದು ನಾವು ಅವರಿಗೆ ಕಲಿಸಿದ್ದೇವೆ. ಕವಚ ಹಳೆಯದಾದರೆ ಬದಲಾಯಿಸುವುದರಲ್ಲಿ ಅವರಿಗೆ ತಪ್ಪೇನೂ ಕಾಣುವುದಿಲ್ಲ. ಹೊಸ ಗುಡಿ ಎದ್ದಾಗ ದೇವರು ಉಳಿಯುತ್ತಾನೆ. ಉಳಿಯದೆ ಹೋಗುವುದು ಆ ಊರು ಸಾವಿರ ವರ್ಷ ಹಿಂದೆಯೂ ಇತ್ತು ಎಂಬುದಕ್ಕೆ ಊರಿನ ಬಳಿ ಇದ್ದ ಒಂದೇ ಪುರಾವೆ.

ಬೇರೆ ದಾರಿ ಇಲ್ಲದಿಲ್ಲ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹಲವು ದಶಕಗಳಿಂದ ನಾಡಿನ ಹಳೆಯ ಗುಡಿಗಳನ್ನು ಮೂಲ ಕಲ್ಲು, ಮೂಲ ವಿನ್ಯಾಸ ಉಳಿಸಿಕೊಂಡೇ ಎತ್ತಿ ನಿಲ್ಲಿಸುತ್ತಿದೆ, ಊರಿನವರನ್ನೂ ಸರ್ಕಾರವನ್ನೂ ಜೊತೆಗೆ ಸೇರಿಸಿಕೊಂಡು. ದೇವರ ಮೇಲಿನ ಭಕ್ತಿಗೂ ಕಲ್ಲಿನ ಮೇಲಿನ ಗೌರವಕ್ಕೂ ಜಗಳವಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪೂಜೆ ನಿಂತ ರಕ್ಷಿತ ಸ್ಮಾರಕಗಳಲ್ಲಿ ಮತ್ತೆ ಪೂಜೆ ಆರಂಭಿಸಿ ಎಂಬ ಕೂಗಿನ ಬಗ್ಗೆಯೂ ಒಂದು ಮಾತು. ಕೂಗುವವರಲ್ಲಿ ಪ್ರಾಮಾಣಿಕ ಭಕ್ತರೂ ಇದ್ದಾರೆ. ಅವರಿಗೆ ನಾನು ಕೇಳುವುದು ಇಷ್ಟೆ: ಸಾವಿರಾರು ಸಿ ದರ್ಜೆಯ ಗುಡಿಗಳಲ್ಲಿ ದೇವರು ಇನ್ನೂ ಕಾಯುತ್ತಿದ್ದಾನೆ. ಅಲ್ಲಿ ಎಣ್ಣೆಗೆ ದುಡ್ಡಿಲ್ಲ, ಅರ್ಚಕನ ಮಗ ಬೆಂಗಳೂರಿಗೆ ಹೋಗಿದ್ದಾನೆ. ಆ ದೀಪಗಳನ್ನು ಉಳಿಸುವುದು ಬಿಟ್ಟು ಸೋಮನಾಥಪುರದಲ್ಲಿ ಹೊಸ ದೀಪ ಹಚ್ಚಬೇಕೆನ್ನುವ ಹಟ ಯಾಕೆ? ಬಳಪದ ಕಲ್ಲು ಮೆದು. ಕರ್ಪೂರದ ಮಸಿ, ಅಭಿಷೇಕದ ಎಣ್ಣೆ, ಕುಂಕುಮ, ನೂಕುನುಗ್ಗಲಿನಲ್ಲಿ ತಗಲುವ ಸಾವಿರ ಕೈ ಇವೆಲ್ಲ ಅದರ ಮೇಲೆ ಏನು ಮಾಡುತ್ತವೆಂದು ಪೂಜೆಯಿರುವ ಗುಡಿಗಳ ಒಳಗಂಬಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಮಸಣಿತಮ್ಮನ ಹೆಸರಿನ ಅಕ್ಷರಗಳು ಇಂದೂ ಚೂಪಾಗಿ ಓದಲು ಸಿಗುತ್ತಿದ್ದರೆ, ಅವುಗಳ ಮೇಲೆ ಯಾರೂ ಕೈಯಾಡಿಸದೆ ಬಿಟ್ಟದ್ದೂ ಅದಕ್ಕೆ ಒಂದು ಕಾರಣ.

ಹಾಗೆಂದು ಬೇಲಿ ಹಾಕಿ, ಹುಲ್ಲು ಬೆಳೆಸಿ, ಸಂಜೆ ಬೀಗ ಹಾಕಿಕೊಂಡು ಹೋಗುವುದೇ ಗುಡಿಯನ್ನು ಉಳಿಸಿದಂತೆ ಎಂಬ ಪುರಾತತ್ವ ಇಲಾಖೆಯ ಧೋರಣೆಯನ್ನು ನಾನು ಸಮರ್ಥಿಸುತ್ತಿಲ್ಲ. ಅದೂ ಗುಡಿಯನ್ನು ಹೆಣವೆಂದೇ ಭಾವಿಸಿದ ನೋಟ. ಹೆಣವನ್ನು ಕೆಡದಂತೆ ಇಡುವ ಏರ್ಪಾಡು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗೆ 200 ಮೀಟರ್ ಅನುಮತಿಯ ವಲಯ. ಸ್ಮಾರಕದ ಹಿತಕ್ಕೆ ನಿಯಮ ಬೇಕು. ಆದರೆ ಗುಡಿಯ ಪಕ್ಕ ತಲೆತಲಾಂತರದಿಂದ ಬದುಕಿದ ಮನೆಯವರಿಗೆ ಗುಡಿ ಎಂದರೆ ಈಗ ಇನ್ನೊಂದು ಕೋಣೆ ಕಟ್ಟಗೊಡದ ಕಾನೂನು, ನೋಟಿಸು ತರುವ ಸಿಬ್ಬಂದಿ. ಅವರ ಊರಿನ ಗುಡಿಯನ್ನು ಅವರಿಂದಲೇ ದೂರ ಮಾಡಿದ ಮೇಲೆ ಅದನ್ನು ಪ್ರೀತಿಸಿ ಎಂದರೆ ಯಾರು ಕೇಳುತ್ತಾರೆ? ಗೇಟಿನ ಬಳಿ ಎಳನೀರು ಮಾರುವುದರ ಹೊರತು ಅವರಿಗೆ ಅಲ್ಲಿ ಇನ್ನೊಂದು ಕೆಲಸ ಇರಬೇಕು. ಶಾಸನ ಓದಲು ಕಲಿತ ಹುಡುಗ ಹುಡುಗಿಯರು ಆ ಊರಿನವರೇ ಆಗಿರಬೇಕು, ಬಂದವರಿಗೆ ಗೋಡೆಯ ರಾಮಾಯಣವನ್ನು ಸಾಲುಸಾಲಾಗಿ ಹೇಳುವವರೂ ಅವರೇ ಆಗಿರಬೇಕು. ಹಳೆಗನ್ನಡದ ಲಿಪಿ ಕಲಿಯುವುದು ಅಸಾಧ್ಯದ ಮಾತಲ್ಲ. ಬಿ.ಎಲ್. ರೈಸ್ ಮತ್ತು ಅವರ ಜೊತೆಯ ಪಂಡಿತರು ಊರೂರು ಅಲೆದು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚು ಹಾಕಿಸಿಟ್ಟಿದ್ದಾರೆ. ನಿಮ್ಮ ಊರಿನ ಕಲ್ಲು ಅದರಲ್ಲಿ ಇರಬಹುದು, ಅಚ್ಚಿನಲ್ಲಿ, ಅರ್ಥದ ಸಮೇತ.

ಕೇಶವ ದೇವಾಲಯಕ್ಕೆ ಹೋದವರು ಅದೇ ಊರಿನಲ್ಲಿ ಇನ್ನೂ ಒಂದು ಗುಡಿ ಇದೆಯೆಂದು ತಿಳಿಯದೆಯೇ ಮರಳುತ್ತಾರೆ. ಪಂಚಲಿಂಗ ದೇವಾಲಯ ಅದು. ಅದೇ ಸೋಮನಾಥ ತನ್ನ ಕುಟುಂಬದವರ ಹೆಸರಿನಲ್ಲಿ ಲಿಂಗಗಳನ್ನು ಸ್ಥಾಪಿಸಿದ ಶಿವಾಲಯ. ಬಿಜ್ಜಳೇಶ್ವರ, ರೇವಲೇಶ್ವರ ಎಂಬ ಹೆಸರುಗಳು ಅದರ ಶಾಸನದಲ್ಲಿವೆ. ವಿಷ್ಣುವಿಗೊಂದು, ಶಿವನಿಗೊಂದು ಎಂದು ಒಬ್ಬನೇ ಮನುಷ್ಯ ಒಂದೇ ಊರಿನಲ್ಲಿ ಕಟ್ಟಿಸಿದ. ಗೋಡೆ ಸಾದಾ, ಕೆತ್ತನೆ ಇಲ್ಲ. ಪೂಜೆ ಹುಡುಕುವವರಿಗೂ ಅದು ಬೇಡ, ಕೆತ್ತನೆ ಹುಡುಕುವವರಿಗೂ ಬೇಡ. ಮೈಸೂರಿನಿಂದ ಹೊರಡುವ ಶಾಲಾ ಪ್ರವಾಸದ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇದು: ಬಸ್ಸು ಸೋಮನಾಥಪುರಕ್ಕೆ ಬಂದಾಗ ಮೊದಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಯಾರು ಕಟ್ಟಿಸಿದರು, ಯಾರ ಹೆಸರಿಟ್ಟರು, ಪೂಜೆಗೆ ದುಡ್ಡು ಎಲ್ಲಿಂದ ಬರುತ್ತಿತ್ತು, ಅದು ಯಾವಾಗ ಬಾರದಾಯಿತು ಎಂದು ಅವರು ಕೇಳಲಿ. ಕೇಶವ ದೇವಾಲಯದ ಬಾಗಿಲು ಸಂಜೆಯವರೆಗೂ ತೆರೆದಿರುತ್ತದೆ.